ಎದುರಂಗಡಿಯ ಭಾನುವಾರ

ಹೊಟ್ಟೆಕಿಚ್ಚಿಗೆ ವಾರದ ರಜೆ ಇಲ್ಲ. ಬೀದಿಯವರು ದೊಡ್ಡಕತ್ತರಿ ಎಂದು ಕರೆಯುವ ಕ್ಷೌರದವನ ಅಂಗಡಿಗೆ ಮಾತ್ರ ಇತ್ತು, ಅದೂ ಭಾನುವಾರ. ಲೋಕವೆಲ್ಲ ತಲೆ ತಡವಿಕೊಂಡು ‘ಕೂದಲು ಬೆಳೆದುಬಿಟ್ಟಿದೆಯಲ್ಲ’ ಎಂದು ಕ್ಷೌರಕ್ಕೆ ಹೊರಡುವ ದಿನ ಅವನು ಷಟರ್ ಎಳೆದುಕೊಂಡು ಒಳಗೆ ಕೂತಿರಬೇಕು. ಬೀದಿಯ ಆ ಮಗ್ಗುಲಲ್ಲಿ ಅವನ ಒಡಹುಟ್ಟಿದ ತಮ್ಮ ಚಿಕ್ಕಕತ್ತರಿಯ ಅಂಗಡಿ. ಅಲ್ಲಿ ಬೆಂಚು ತುಂಬಿ, ಸ್ಟೂಲು ತುಂಬಿ, ಮಿಕ್ಕವರು ಮೆಟ್ಟಿಲ ಮೇಲೆ ಪೇಪರು ಹಾಸಿಕೊಂಡು ಕೂತಿರುತ್ತಿದ್ದರು. ದೊಡ್ಡಕತ್ತರಿ ಷಟರಿನ ಕೆಳಗೆ ಗೇಣಷ್ಟು ಸಂದು ಬಿಟ್ಟುಕೊಂಡು ನೆಲದ ಮೇಲೆ ಕೂತು ಅವರ ಕಾಲುಗಳನ್ನು ನೋಡುತ್ತಿದ್ದ. ನೋಡಿ ನೋಡಿ, ಚಪ್ಪಲಿ ಕಂಡರೆ ಸಾಕು, ಗಿರಾಕಿ ಯಾರೆಂದು ಹೇಳುವಷ್ಟು ಪಳಗಿದ್ದ.

“ಆ ಕಂದು ಬೂಟು ನೋಡು. ಮೊನ್ನೆ ತಾನೇ ನನ್ನ ಹತ್ರ ಶೇವಿಂಗ್ ಮಾಡಿಸ್ಕೊಂಡು, ಕಟಿಂಗ್‌ಗೆ ಆಮೇಲೆ ಬರ್ತೀನಿ ಅಂತ ಹೋಯ್ತು.”

“ಬೂಟಿನ ಹತ್ರ ಮಾತಾಡಿದ್ರಾ?” ಎನ್ನುತ್ತಿದ್ದಳು ಹೆಂಡತಿ. “ಎದ್ದೇಳಿ ಮೇಲೆ. ಮೈದುನನ ಅಂಗಡಿ ಮುಂದೆ ಜನ ಇದ್ರೆ ಸಂತೋಷಪಡೋದು ಬಿಟ್ಟು, ಬಿಲದ ಮುಂದೆ ಬೆಕ್ಕು ಕೂತ ಹಾಗೆ ಕೂತಿದ್ದೀರಲ್ಲ.”

ಒಂದೇ ಬೀದಿಯಲ್ಲಿ ಒಂದು ಮಗ್ಗುಲಿಗೆ ಭಾನುವಾರ ರಜೆ, ಇನ್ನೊಂದಕ್ಕೆ ಇಲ್ಲ ಎಂದರೆ ಹೊರಗಿನವರು ನಗುತ್ತಾರೆ. ನಗಲಿ. ಆ ಬಡಾವಣೆಯ ಹಣೆಬರಹವೇ ಅಂಥದ್ದು. ಅದು ಹುಟ್ಟಿದ್ದೇ ಪಟ್ಟಣದ ಸುಂಕದ ಗೇಟಿನ ಆಚೆ. ಸುಂಕ ಕೊಡಲು ಮನಸ್ಸಿಲ್ಲದ ಗಾಡಿಯವರು ಗೇಟಿಗಿಂತ ಮೊದಲೇ ಎತ್ತು ಬಿಚ್ಚಿದರು. ಅವರಿಗಾಗಿ ಲಾಳ ಕಟ್ಟುವವನು ಬಂದ, ಹಗ್ಗದ ಅಂಗಡಿಯವನು ಬಂದ, ಗಡ್ಡ ಕೆರೆಯಲು ಈ ಅಣ್ಣತಮ್ಮಂದಿರ ಮುತ್ತಜ್ಜ ಬಂದ. ಆಮೇಲೆ ಪಟ್ಟಣಕ್ಕೆ ಬೇಡವಾದದ್ದೆಲ್ಲ ಒಂದೊಂದಾಗಿ ಬಂತು: ತೊಗಲು ಹದ ಮಾಡುವವರು, ಇಟ್ಟಿಗೆ ಗೂಡು, ಸೋಪಿನ ಕಾರ್ಖಾನೆ, ಅವುಗಳ ಹಿಂದೆಯೇ ವಾಸನೆ. ಗೇಟು ಬಿದ್ದುಹೋಗಿ ಯಾವ ಕಾಲವಾಯಿತೋ. ಈಗಲೂ ಅಲ್ಲಿಯ ಮುದುಕಿಯರು ಪೇಟೆಗೆ ಹೊರಟರೆ “ಒಳಗೆ ಹೋಗಿ ಬರ್ತೀನಿ” ಎನ್ನುತ್ತಾರೆ.

ಒಂದು ಕಾಲಕ್ಕೆ ಆ ಬಡಾವಣೆಗೆ ತನ್ನದೇ ಪುರಸಭೆ ಇತ್ತು. ಇದ್ದಬದ್ದ ತೆರಿಗೆಯನ್ನೆಲ್ಲ ಸುರಿದು ಭಾಷಣಕ್ಕೆಂದೇ ಬಾಲ್ಕನಿ ಇರುವ ಎರಡಂತಸ್ತಿನ ಕಚೇರಿ ಕಟ್ಟಿದರು. ಕಟ್ಟಿ ಮುಗಿಯುವ ಹೊತ್ತಿಗೆ ನಗರ ಬಂದು ಪುರಸಭೆಯನ್ನೇ ನುಂಗಿತು. ಕಚೇರಿ ಮೊದಲು ತೆರಿಗೆ ಕಟ್ಟುವ ಕೌಂಟರಾಯಿತು, ಆಮೇಲೆ ಕೆಟ್ಟ ಬೀದಿದೀಪಗಳ ಉಗ್ರಾಣವಾಯಿತು, ಆಮೇಲೆ ಮಕ್ಕಳಿಗೆ ಲಸಿಕೆ ಹಾಕುವ ಜಾಗವಾಯಿತು. “ನಮ್ಮನ್ನ ಒಂದು ಮಾತು ಕೇಳಿದ್ರಾ?” ಎಂಬುದು ಅಲ್ಲಿಯವರ ಬಾಯಲ್ಲಿ ಯಾವಾಗಲೂ ಇರುವ ಮಾತು. ನಲ್ಲಿ ಕೆಟ್ಟರೂ ಅದೇ, ಮಗಳು ತಾನೇ ವರನನ್ನು ಹುಡುಕಿಕೊಂಡರೂ ಅದೇ.

ಕೊನೆಗೆ ನಗರವನ್ನು ವಲಯಗಳಾಗಿ ಹಂಚುವ ಕಾಲ ಬಂತು. ಯಾರೋ ಮೇಜಿನ ಮೇಲೆ ನಕ್ಷೆ ಹಾಸಿ ನೋಡಿರಬೇಕು. ಆ ಕೊಂಪೆಯಲ್ಲಿ ನೆಟ್ಟಗೆ ಕಂಡದ್ದು ಅದೊಂದೇ ಬೀದಿ. ಅದರ ನಡುವೆ ಗೆರೆ ಎಳೆದು ಈಚೆಯದು ಉತ್ತರ ವಲಯ, ಆಚೆಯದು ದಕ್ಷಿಣ ವಲಯ ಎಂದು ಕೈ ತೊಳೆದುಕೊಂಡರು. ಅಂದಿನಿಂದ ಬೀದಿಗೆ ಎರಡು ಕಸದ ಗಾಡಿ, ಎರಡು ಬಗೆಯ ದೀಪ. ಒಮ್ಮೆ ಗಾಳಿಗೆ ಮರ ಬಿದ್ದಾಗ ಉತ್ತರದವರು ಬಂದು ತಮ್ಮ ಪಾಲಿನ ಬುಡ ಕೊಯ್ದುಕೊಂಡು ಹೋದರು. ದಕ್ಷಿಣದವರಿಗೆ ಬಿಡುವಾಗುವ ತನಕ ರೆಂಬೆಗಳು ಬೀದಿಯಲ್ಲೇ ಒಣಗಿದವು. ಉತ್ತರ ವಲಯದಲ್ಲಿ ಕಚೇರಿಗಳು ಜಾಸ್ತಿ, ಹಾಗಾಗಿ ಅಂಗಡಿಗಳಿಗೆ ಭಾನುವಾರ ರಜೆ. ದಕ್ಷಿಣದಲ್ಲಿ ಸಗಟು ಮಾರುಕಟ್ಟೆ, ಅವರಿಗೆ ಬುಧವಾರ. ಮೀರಿ ಬಾಗಿಲು ತೆರೆದವರಿಗೆ ದಂಡ.

ಅಣ್ಣತಮ್ಮಂದಿರ ವಿಷಯಕ್ಕೆ ಬರೋಣ. ಅಪ್ಪ ಹಳೇಕತ್ತರಿ ಬದುಕಿರುವ ತನಕ ಒಂದೇ ಅಂಗಡಿ, ಉದ್ದನೆಯ ಒಂದೇ ಕನ್ನಡಿ, ಅದರ ಮುಂದೆ ಎರಡು ಕುರ್ಚಿ. ಅಪ್ಪ ದೊಡ್ಡವನಿಗೆ ಕಲಿಸಿದ, ದೊಡ್ಡವನು ಚಿಕ್ಕವನಿಗೆ ಕಲಿಸಿದ. ಊದಿದ ಬಲೂನಿಗೆ ಸೋಪಿನ ನೊರೆ ಹಚ್ಚಿ ಕತ್ತಿಯಿಂದ ಕೆರೆಯುವುದು ಅವರ ಮನೆಯ ಮೊದಲ ಪಾಠ. ದೊಡ್ಡವನ ಕೈಯಲ್ಲಿ ಒಂದು ಬಲೂನೂ ಒಡೆದದ್ದಿಲ್ಲ. ಚಿಕ್ಕವನು ಡಬಡಬ ಒಡೆದು, ಮುಖಕ್ಕೆ ಹಾರಿದ ನೊರೆ ಒರೆಸಿಕೊಂಡು ನಗುತ್ತಿದ್ದ. “ನಿನಗೆ ಈ ಜನ್ಮಕ್ಕೆ ಬರಲ್ಲ ಬಿಡು” ಎಂದು ಅಣ್ಣ ಬೈಯುತ್ತಿದ್ದ. ಬೈಯುವಾಗ ಒಳಗೊಳಗೇ ಹಾಯೆನಿಸುತ್ತಿತ್ತು. ಆ ಹಿತವನ್ನು ಅವನು ಮುಂದೆ ಎಷ್ಟು ಹುಡುಕಿದರೂ ಸಿಗಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಪಾಲಾಯಿತು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುತ್ತಾರಲ್ಲ, ಹಾಗೆ ಜಗಳವೇನೂ ಆಗಲಿಲ್ಲ. ಅಂಗಡಿ ದೊಡ್ಡವನಿಗೆ, ತಿರುಗುವ ಕಬ್ಬಿಣದ ಕುರ್ಚಿ ಚಿಕ್ಕವನಿಗೆ. ಚಿಕ್ಕವನು ಎದುರುಗಡೆ, ಮುಂಚೆ ಹಗ್ಗ ಮಾರುತ್ತಿದ್ದ ಮಳಿಗೆ ಬಾಡಿಗೆಗೆ ಹಿಡಿದ. ಆಗ ದೊಡ್ಡಕತ್ತರಿಗೆ ಹೊಟ್ಟೆಕಿಚ್ಚು ಇರಲಿಲ್ಲವೇ ಎಂದರೆ, ಇತ್ತು, ಬೂದಿ ಮುಚ್ಚಿದ ಕೆಂಡದ ಹಾಗೆ. ತಮ್ಮನ ಅಂಗಡಿಯಿಂದ ನಗು ಕೇಳಿದರೆ ಇವನ ಕತ್ತರಿ ಗಕ್ಕನೆ ನಿಲ್ಲುತ್ತಿತ್ತು. ತಮ್ಮ ಹೊಸ ಫ್ಯಾನು ಹಾಕಿಸಿದರೆ “ತಲೆ ಬೋಳಿಸೋದು ಬಿಟ್ಟು ಗಾಳಿ ಮಾರೋಕೆ ಕೂತ” ಎಂದು ಮೂಗು ಮುರಿಯುತ್ತಿದ್ದ. ಅಷ್ಟೇ, ಅದಕ್ಕಿಂತ ಮುಂದೆ ಹೋಗಿರಲಿಲ್ಲ.

ಬೂದಿ ಊದಿದ್ದು ಆ ಗೆರೆ. ಭಾನುವಾರ ಕೈತಪ್ಪಿದ ಮೇಲೆ ಗಿರಾಕಿಗಳು ಒಬ್ಬೊಬ್ಬರೇ ಬೀದಿ ದಾಟಿದರು. ದಾಟಿದವರು ಸೋಮವಾರವೂ ವಾಪಸು ಬರಲಿಲ್ಲ. ದೊಡ್ಡಕತ್ತರಿಗೆ ಕಾರಣ ಅಂಗೈಯಷ್ಟು ಸ್ಪಷ್ಟವಾಗಿತ್ತು: ಎಲ್ಲ ಗೆರೆಯ ತಪ್ಪು. ಬಲೂನು ಒಡೆಯುತ್ತಿದ್ದವನು ತನಗಿಂತ ಒಳ್ಳೆಯ ಕೆಲಸಗಾರನಾಗುವುದು ಹೇಗೆ ಸಾಧ್ಯ? ಅದೊಂದು ಮಾತು ನಿಜವಾಗಿಬಿಟ್ಟರೆ ತಾನು ಇಷ್ಟು ವರ್ಷ ಕತ್ತರಿ ಹಿಡಿದದ್ದಕ್ಕೆ ಅರ್ಥವೇ ಇಲ್ಲ ಎಂದು ಅವನಿಗೆ ಭಯ. ಆ ಭಯದ ಬಾಯಿಗೆ ಅವನು ಭಾನುವಾರವನ್ನು ತುರುಕಿದ್ದ.

“ಅವರು ಬುಧವಾರ ಮುಚ್ತಾರಲ್ಲ,” ಎಂದಳು ಹೆಂಡತಿ ಒಂದು ದಿನ. “ಆಗ ಅವರ ಗಿರಾಕಿ ನಮ್ಮ ಕಡೆ ಬರಬೇಕಿತ್ತಲ್ವಾ?”

“ಬುಧವಾರ ಯಾವನಿಗೆ ಪುರುಸೊತ್ತು ಇರತ್ತೆ? ನಿನಗೇನು ಗೊತ್ತು ವ್ಯಾಪಾರ?”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದು ಅವಳು ಪಾತ್ರೆ ತಿಕ್ಕಲು ಹೋದಳು.

ಒಮ್ಮೆಯಂತೂ ಅವನು ನಾಚಿಕೆ ಬಿಟ್ಟು ರಜೆ ತಪಾಸಣೆಯ ಇನ್ಸ್‌ಪೆಕ್ಟರಿಗೆ ಸುದ್ದಿ ಮುಟ್ಟಿಸಿದ: ಎದುರಂಗಡಿಯವನು ಬುಧವಾರವೂ ಹಿಂಬಾಗಿಲಿನಿಂದ ಕೆಲಸ ಮಾಡುತ್ತಾನೆ ಅಂತ. ಇನ್ಸ್‌ಪೆಕ್ಟರ್ ಬುಧವಾರ ಹೋಗಿ ನೋಡಿದರೆ ಬೀಗ ಜಡಿದಿತ್ತು, ಹಿಂಬಾಗಿಲೇ ಇರಲಿಲ್ಲ. ಆಸಾಮಿ ಭಾನುವಾರ ಮತ್ತೆ ಬಂದ. ಈ ಸಲ ತನಿಖೆಗಲ್ಲ, ಕಟಿಂಗಿಗೆ. ಷಟರಿನ ಸಂದಿಯಿಂದ ಆ ಪಾಲಿಶ್ ಹಾಕಿದ ಬೂಟು ತಮ್ಮನ ಮೆಟ್ಟಿಲು ಹತ್ತಿದ್ದನ್ನು ಕಂಡು ದೊಡ್ಡಕತ್ತರಿಗೆ ಅನ್ನ ಸೇರಲಿಲ್ಲ.

ಹೀಗಿರುವಾಗ ವಲಯಗಳ ಗಡಿಯನ್ನು ಹೊಸದಾಗಿ ಗುರುತಿಸುತ್ತಾರಂತೆ, ಜನರ ಅಹವಾಲು ಕೇಳುತ್ತಾರಂತೆ ಎಂದು ಸುದ್ದಿಯಾಯಿತು. ಬಡಾವಣೆಯ ಚರಿತ್ರೆಯಲ್ಲಿ ಯಾರೋ ಮೊದಲ ಸಲ ಕೇಳಲು ಹೊರಟಿದ್ದರು. ದೊಡ್ಡಕತ್ತರಿಗೆ ಕುರುಡನಿಗೆ ಕಣ್ಣು ಬಂದಂತಾಯಿತು. ಬೀದಿಯ ಎರಡು ಮಗ್ಗುಲೂ ಒಂದೇ ವಲಯಕ್ಕೆ ಸೇರಲಿ ಎಂದು ಅವನು ಮನೆಮನೆ ತಿರುಗಿದ. ಮೊದಲು ಅವನ ಮನಸ್ಸಿನಲ್ಲಿದ್ದದ್ದು ಎಲ್ಲರೂ ಉತ್ತರಕ್ಕೆ ಸೇರಿ, ತಮ್ಮನಿಗೂ ಭಾನುವಾರ ಬಾಗಿಲು ಬೀಳಲಿ ಎಂದು. ತನ್ನದೊಂದು ಕಣ್ಣು ಹೋದರೂ ಚಿಂತೆಯಿಲ್ಲ, ಎದುರಿನವನ ಎರಡೂ ಹೋಗಬೇಕು. ಆದರೆ ಜನ ಒಪ್ಪಲಿಲ್ಲ. ಭಾನುವಾರ ಅಂಗಡಿ ಮುಚ್ಚಿದರೆ ಹೊಟ್ಟೆಗೇನು ಎಂದರು ದಿನಸಿಯವರು. ಸರಿ, ದಕ್ಷಿಣಕ್ಕೇ ಸೇರೋಣ ಎಂದ. ತನ್ನ ಭಾನುವಾರ ತನಗೆ ಬಂದರೆ ಆಯಿತು, ತಮ್ಮನ ಮುಂದಿನ ಆ ಬೆಂಚು ತಾನಾಗಿ ಖಾಲಿಯಾಗುತ್ತದೆ.

ಷಟರ್ ಅರ್ಧ ಎಳೆದ ಅಂಗಡಿಯಲ್ಲಿ ಭಾನುವಾರಗಳಂದು ಸಭೆ ಸೇರತೊಡಗಿತು. “ಒಂದೇ ತಾಯಿ ಹೊಟ್ಟೇಲಿ ಹುಟ್ಟಿದವರನ್ನ ಬೇರೆ ಮಾಡಿದ ಗೆರೆ ರೀ ಇದು!” ಎಂದು ಅವನು ಕುರ್ಚಿಯ ಬೆನ್ನು ತಟ್ಟುತ್ತಿದ್ದ. ಕೇಳಿದವರು ಲೊಚಗುಟ್ಟುತ್ತಿದ್ದರು. ಎದುರಿಗೆ ತಮ್ಮನ ಅಂಗಡಿ ಕಾಣುತ್ತಿತ್ತಲ್ಲ, ಇನ್ನೇನು ಬೇಕು? ಎಷ್ಟು ಸಲ ಹೇಳಿದನೆಂದರೆ ಒಂದೆರಡು ಬಾರಿ ಅವನ ಕಣ್ಣಲ್ಲೇ ನೀರು ಬಂತು. ಹೇಳುವವನಿಗೇ ಅಳು ಬರಿಸುವ ಸುಳ್ಳಿಗೆ ಏನೆನ್ನಬೇಕೋ ನನಗೆ ತಿಳಿಯದು.

ಅಹವಾಲು ಕೇಳಿದ್ದು ಹಳೆಯ ಪುರಸಭೆಯ ಹಾಲಿನಲ್ಲಿ. ಗೋಡೆಯ ಮೇಲೆ ಲಸಿಕೆಯ ಚಿತ್ರಗಳು ಹಾಗೇ ಇದ್ದವು. ವೇದಿಕೆಯ ಮೇಲೆ ಕನ್ನಡಕದ ಅಧಿಕಾರಿಣಿ, ಎರಡು ಮಗ್ಗುಲಲ್ಲಿ ಗುಮಾಸ್ತರು. ದೊಡ್ಡಕತ್ತರಿ ತನ್ನ ಸರದಿ ಕಾಯುತ್ತ ಹಿಂದಿನ ಸಾಲಿನಲ್ಲಿ ನಿವೃತ್ತ ಮೇಷ್ಟ್ರ ಪಕ್ಕ ಕೂತಿದ್ದ. ಅವನ ಮುಂದೆ ಸಾಲುಸಾಲು ಕತ್ತುಗಳು. ಬೇರೆಯವರಿಗೆ ಸಭೆ ಎಂದರೆ ಮುಖಗಳು, ಹಿಂದೆ ಕೂತ ಕ್ಷೌರದವನಿಗೆ ಕತ್ತಿನ ಹಿಂಭಾಗವೇ ಮುಖ. ಯಾರ ಕೈ ಎಲ್ಲಿ ಅವಸರಪಟ್ಟಿದೆ, ಯಾರ ಕತ್ತಿ ಮೊಂಡಾಗಿತ್ತು, ಎಲ್ಲ ಅಲ್ಲೇ ಬರೆದಿರುತ್ತದೆ. ನೋಡುತ್ತ ಹೋದವನ ಕಣ್ಣು ಒಂದು ಕತ್ತಿನ ಮೇಲೆ ನಿಂತಿತು. ಕೂದಲು ಎಲ್ಲಿ ಮುಗಿಯಿತು, ಚರ್ಮ ಎಲ್ಲಿ ಶುರುವಾಯಿತು ಎಂದು ತಿಳಿಯದ ಹಾಗೆ ಇಳಿದಿತ್ತು. ಕಿವಿಯ ಹಿಂದಿನ ತಿರುವು ಅಷ್ಟು ಹದವಾಗಿತ್ತು. ತನ್ನದೇ ಕೆಲಸವೆಂದುಕೊಂಡ ಅವನಿಗೆ ಹೆಮ್ಮೆ ತಡೆಯಲಾಗಲಿಲ್ಲ.

“ಮೇಷ್ಟ್ರೇ, ಅಲ್ಲಿ ನೋಡಿ. ಕೈ ಅಂದ್ರೆ ಅದು. ನಮ್ಮಪ್ಪನ ಕೈ ನನಗೆ ಬಂದಿರೋದು.”

ಮಾತು ಕೇಳಿ ಆ ಕತ್ತು ತಿರುಗಿತು. ಇವನದೇ ಮಗ್ಗುಲಿನ ಔಷಧಿ ಅಂಗಡಿಯವರು, ಇವನ ಅಂಗಡಿಯ ಗೋಡೆಗೆ ಗೋಡೆ.

“ಅಯ್ಯೋ, ಇದು ನಿಮ್ಮ ತಮ್ಮ ಮಾಡಿದ್ದು ಕಣ್ರೀ,” ಎಂದರು ಅವರು ಕತ್ತು ಸವರಿಕೊಂಡು. “ನಿನ್ನೆ ಸಾಯಂಕಾಲ. ನೀವು... ನೀವು ಕೆಲಸದಲ್ಲಿದ್ರೇನೋ ಅಂತ...”

ನಿನ್ನೆ ಶುಕ್ರವಾರ. ಎರಡೂ ಅಂಗಡಿ ತೆರೆದಿದ್ದವು. ಸಾಯಂಕಾಲವೆಲ್ಲ ದೊಡ್ಡಕತ್ತರಿ ಖಾಲಿ ಕುರ್ಚಿಯಲ್ಲಿ ಕೂತು ಪೇಪರಿನ ಜಾಹೀರಾತು ಓದಿದ್ದ. ಪಕ್ಕದಂಗಡಿಯವನು ಬೀದಿ ದಾಟಿಹೋಗಿ ತಲೆ ಕೊಟ್ಟು ಬಂದಿದ್ದಾನೆ, ಆ ತಲೆಯನ್ನು ತಾನು ತನ್ನದೆಂದು ಹೊಗಳಿದ್ದೇನೆ. ತಮ್ಮನನ್ನು ಹೊಗಳಿದವರ ಮೇಲೆಲ್ಲ ಹಲ್ಲು ಕಡಿದವನು ಈಗ ಹಲ್ಲು ಕಡಿಯುವುದು ಯಾರ ಮೇಲೆ?

ಅಷ್ಟರಲ್ಲಿ ಗುಮಾಸ್ತ “ಮುಂದಿನವರು” ಎಂದ. ಎದ್ದು ಹೋಗಲೇಬೇಕಿತ್ತು. ಹೊಟ್ಟೆಯೊಳಗಿನ ಉರಿಯನ್ನೆಲ್ಲ ಅವನು ಮಾತಿಗೆ ಹಾಕಿದ. ಗೇಟಿನ ಕಥೆ ಹೇಳಿದ, ಪುರಸಭೆಯ ಕಥೆ ಹೇಳಿದ. ಅರ್ಧ ತಪ್ಪು, ಗೇಟು ಕಿತ್ತದ್ದೂ ಪುರಸಭೆ ಮುಚ್ಚಿದ್ದೂ ಒಂದೇ ವರ್ಷ ಎಂದುಬಿಟ್ಟ. “ಅಲ್ಲ, ಅಲ್ಲ” ಎಂದು ಮೇಷ್ಟ್ರು ಹಿಂದಿನಿಂದ ಕೂಗಿದರು. ಬಿದ್ದ ಮರದ ಕಥೆಗೆ ಅಧಿಕಾರಿಣಿ ನಕ್ಕರು. ಕೊನೆಗೆ ಅವನು, “ಅಮ್ಮಾ, ನನ್ನ ತಮ್ಮ ಎದುರಿಗೇ ಇದ್ದಾನೆ. ಆದರೂ ನನಗೆ ಅವನು ಬೇರೆ ಊರಿನವನಾಗಿಬಿಟ್ಟಿದ್ದಾನೆ” ಎಂದ. ಬಾಯಿಪಾಠದ ಮಾತೇ. ಆ ದಿನ ಮಾತ್ರ ಅದು ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡು ಹೊರಗೆ ಬಂತು. ಹಾಲಿನ ಬಾಗಿಲ ಹತ್ತಿರ ಯಾರೋ ಬಿಕ್ಕಿದರು. ನೋಡಿದರೆ ಚಿಕ್ಕಕತ್ತರಿ.

ಆದೇಶ ಬಂತು. ಬೀದಿಯ ಎರಡು ಮಗ್ಗುಲೂ ದಕ್ಷಿಣ ವಲಯ, ಎಲ್ಲರಿಗೂ ಬುಧವಾರ ರಜೆ. ಜನ ದೊಡ್ಡಕತ್ತರಿಯ ಕೈ ಕುಲುಕಿದರು, ಟೀ ಕುಡಿಸಿದರು. ಔಷಧಿ ಅಂಗಡಿಯವರು ಎಲ್ಲರಿಗಿಂತ ಜೋರಾಗಿ ಹೊಗಳಿ ಬೇಗ ಜಾಗ ಖಾಲಿ ಮಾಡಿದರು. ಸಾಯಂಕಾಲ ಚಿಕ್ಕಕತ್ತರಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಮನೆಗೇ ಬಂದ. ಬಂದವನು ಅಣ್ಣನ ಎರಡೂ ಕೈ ಹಿಡಿದುಕೊಂಡ.

“ಅಣ್ಣ, ನೀನು ನನ್ನ ಮೇಲೆ ಸಿಟ್ಟಾಗಿದ್ದೀಯ ಅಂತಾನೇ ಅಂದ್ಕೊಂಡಿದ್ದೆ. ನಮ್ಮನ್ನ ಒಂದು ಮಾಡೋಕೆ ಇಷ್ಟೆಲ್ಲ ಓಡಾಡಿದ್ಯಲ್ಲ. ನಂಗೆ ಆ ಬಾಡಿಗೆ ಅಂಗಡಿ ಬೇಡ. ಅಪ್ಪನ ಅಂಗಡಿಗೇ ಬಂದುಬಿಡ್ತೀನಿ. ನಿನ್ನ ಪಕ್ಕ ನಿಂತ್ಕೊಂಡು ಕೆಲಸ ಮಾಡ್ತೀನಿ.”

ದೊಡ್ಡಕತ್ತರಿಗೆ ಬಾಯಲ್ಲಿ ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವನು ಬಾಯಿ ತೆರೆಯುವ ಮೊದಲೇ ಹೆಂಡತಿ, “ಬಾಪ್ಪ, ಇದನ್ನೂ ಕೇಳ್ಬೇಕಾ? ನಿಮ್ಮಪ್ಪ ಕಟ್ಟಿದ ಅಂಗಡಿ” ಎಂದುಬಿಟ್ಟಳು. ಹೇಳುವಾಗ ಅವಳು ಗಂಡನ ಮುಖವನ್ನೇ ನೋಡುತ್ತಿದ್ದಳು. ಎಲ್ಲ ಗೊತ್ತಿದ್ದೇ ಹೇಳಿದಳು ಎಂದು ನನ್ನ ಅನುಮಾನ.

“ಹ್ಞೂಂ, ಬಾ,” ಎಂದ ದೊಡ್ಡಕತ್ತರಿ.

ಕಬ್ಬಿಣದ ಕುರ್ಚಿಯನ್ನು ಬೀದಿಯವರೇ ಹೊತ್ತು ದಾಟಿಸಿದರು. ಗೆರೆ ಇದ್ದ ಜಾಗಕ್ಕೆ ಬಂದಾಗ ಯಾರೋ ಚಪ್ಪಾಳೆ ಹೊಡೆದರು.

ಆಮೇಲೆ ಮೊದಲ ಭಾನುವಾರ. ದೊಡ್ಡಕತ್ತರಿ ಬೆಳಗಾಗುವುದರೊಳಗೆ ಎದ್ದು ಕನ್ನಡಿ ಒರೆಸಿ, ಒಗೆದ ಬಟ್ಟೆ ಮಡಿಸಿಟ್ಟು, ಷಟರನ್ನು ತಲೆಯ ಮೇಲಿನ ತನಕ ಎತ್ತಿದ. ಎಷ್ಟೋ ವರ್ಷದ ಮೇಲೆ ಸಿಕ್ಕ ಭಾನುವಾರ. ಜನ ಬಂದರು. ಬೆಂಚು ತುಂಬಿತು, ಮೆಟ್ಟಿಲು ತುಂಬಿತು. ತಮ್ಮನ ಕುರ್ಚಿಯಲ್ಲಿ ಒಬ್ಬರು ಎದ್ದರೆ ಇನ್ನೊಬ್ಬರು ಕೂರುತ್ತಿದ್ದರು. ಅಣ್ಣನ ಕುರ್ಚಿ ಖಾಲಿ.

“ಬನ್ನಿ, ಇಲ್ಲಿ ಖಾಲಿ ಇದೆ,” ಎಂದ ಅವನು.

“ಪರವಾಗಿಲ್ಲ, ನನಗೇನು ಅವಸರ ಇಲ್ಲ,” ಎಂದರು ಮೊದಲನೆಯವರು. ಎರಡನೆಯವರಿಗೆ ಅದೇ ಗಳಿಗೆಯಲ್ಲಿ ಬೂಟಿನ ದಾರ ಕಟ್ಟಿಕೊಳ್ಳುವುದು ನೆನಪಾಯಿತು. ಮೂರನೆಯವರು ಪೇಪರನ್ನು ಮುಖದವರೆಗೆ ಎತ್ತಿಕೊಂಡರು.

ಚಿಕ್ಕಕತ್ತರಿಗೆ ಸಂಕಟವಾಯಿತು. “ಅಣ್ಣನ ಹತ್ರ ಕೂತ್ಕೊಳ್ಳಿ ಸಾರ್, ನಂಗೆ ಕಲಿಸಿದ್ದೇ ಅವನು,” ಎಂದ. ತಮ್ಮ ಕೆಟ್ಟದಾಗಿ ಬೈದಿದ್ದರೂ ದೊಡ್ಡಕತ್ತರಿಗೆ ಅಷ್ಟು ಉರಿಯುತ್ತಿರಲಿಲ್ಲ. ಇಷ್ಟು ದಿನ ಉರಿಗೆ ಒಂದು ಬೀದಿಯ ಅಗಲ ಇತ್ತು. ಈಗ ಮೊಣಕೈ ಚಾಚಿದರೆ ತಮ್ಮನಿಗೆ ತಾಗುತ್ತದೆ, ಕಣ್ಣೆತ್ತಿದರೆ ಕನ್ನಡಿಯಲ್ಲಿ ಅವನೇ.

ಹೊತ್ತೇರಿದ ಮೇಲೆ ಒಬ್ಬ ಬಸ್ ಕಂಡಕ್ಟರ್ ಬಂದ. ಡ್ಯೂಟಿಗೆ ಹೊತ್ತಾಗಿತ್ತು. ಬೆಂಚು ನೋಡಿದ, ಗಡಿಯಾರ ನೋಡಿದ, ವಿಧಿಯಿಲ್ಲದೆ ಖಾಲಿ ಕುರ್ಚಿಯಲ್ಲಿ ಕೂತ. ದೊಡ್ಡಕತ್ತರಿ ಬಟ್ಟೆ ಹೊದಿಸಿ, ಕತ್ತಿನ ಹಿಂದೆ ಗಂಟು ಹಾಕಿ, ಬಾಚಣಿಗೆ ಒದ್ದೆ ಮಾಡಿದ. ಅವನ ಕೈ ಹಗುರಾಯಿತು. ಆಗ ಕಂಡಕ್ಟರ್ ಕನ್ನಡಿಯಲ್ಲೇ ಅವನ ಮುಖ ನೋಡಿದ.

“ಬೇಜಾರು ಮಾಡ್ಕೋಬೇಡಿ. ನಿಮ್ಮ ತಮ್ಮ ಮಾಡ್ತಾರಲ್ಲ, ಹಾಗೇ ಮಾಡಿ.”

ಬೆಂಚಿನ ಮೇಲಿನ ಪೇಪರುಗಳು ಕೆಳಗಿಳಿದವು. ತಪ್ಪು ಹೊರಿಸಲು ಗೆರೆ ಇರಲಿಲ್ಲ, ವಲಯ ಇರಲಿಲ್ಲ, ಭಾನುವಾರದ ರಜೆ ಇರಲಿಲ್ಲ. ದೊಡ್ಡಕತ್ತರಿ ಕತ್ತರಿ ಎತ್ತಿದ, ಇಳಿಸಿದ. ಪಕ್ಕದಲ್ಲಿ ತಮ್ಮ ಯಾರದೋ ತಲೆಯ ಮೇಲೆ ಅಂಗೈ ಇಟ್ಟು, ಕತ್ತರಿ ಆಡಿಸದೆ, ಕನ್ನಡಿಯಲ್ಲಿ ಅವರ ಮುಖವನ್ನು ಸುಮ್ಮನೆ ನೋಡುತ್ತ ನಿಂತಿದ್ದ. ಹಾಗೆ ನಿಂತು ಅವನು ನೋಡುವುದಾದರೂ ಏನನ್ನು? ದೊಡ್ಡಕತ್ತರಿಗೆ ತಿಳಿಯಲಿಲ್ಲ. ಗೊತ್ತಿಲ್ಲ ಎಂಬುದು ಮಾತ್ರ ಚೆನ್ನಾಗಿ ತಿಳಿಯಿತು. ಹೊಟ್ಟೆಕಿಚ್ಚು ಒಂದು ಕಿಡಿಯಷ್ಟೂ ಕಡಿಮೆಯಾಗಿರಲಿಲ್ಲ. ಅದನ್ನು ಹೊಟ್ಟೆಯಲ್ಲಿ ಹಾಗೇ ಇಟ್ಟುಕೊಂಡು ಅವನು ಬಾಯಿ ತೆರೆದ.

“ಲೋ, ಬಾ ಇಲ್ಲಿ. ಇವರಿಗೆ ಹೇಗೆ ಮಾಡ್ತೀಯ, ತೋರಿಸು.”

ಚಿಕ್ಕಕತ್ತರಿ ಆ ತಲೆಯ ಮೇಲಿನಿಂದ ಅಂಗೈ ತೆಗೆದ. “ನೀನು ನನ್ನ ಕೇಳ್ತಿದ್ದೀಯಾ, ಅಣ್ಣ?”

“ಕೇಳ್ದೆ. ಇನ್ನೊಂದ್ಸಲ ಕೇಳಿಸ್ಬೇಡ.”

ತಮ್ಮ ಬಾಚಣಿಗೆಯನ್ನು ಜೇಬಿಗಿಟ್ಟುಕೊಂಡು ಬಂದು ಅಣ್ಣನ ಪಕ್ಕ ನಿಂತ.